ಸರದಿಯಲ್ಲಿ ಮಿಡತೆ

ಮಗಳ ಸಾಮಾನು ತೆಗೆದುಕೊಂಡು ಹೋಗಿ ಎಂದು ಸಂಶೋಧನಾ ಕೇಂದ್ರದಿಂದ ಫೋನ್ ಬಂದಾಗಲೆಲ್ಲ ಮೈಕಮ್ಮ "ನಾಳೆ ಬರ್ತೀನಿ" ಎನ್ನುತ್ತಿದ್ದಳು. ಸುಳ್ಳು ಹೇಳುವುದು ಆಕೆಗೆ ಬಾರದು, ಆದರೆ ತಡವಾಗುತ್ತದೆ ಎಂದು ಹೇಳುವುದರಲ್ಲಿ ಎತ್ತಿದ ಕೈ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು ಅರ್ಧ ಆಯುಸ್ಸು ಸವೆಸಿದವಳು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ದಾರಿಯಲ್ಲಿ ಕೆಟ್ಟು ಕೂತಿದೆ, ಯಾವುದು ಇವತ್ತು ರದ್ದು ಎಂದು ಸಾರುವುದೇ ಆಕೆಯ ಉದ್ಯೋಗ. ಡ್ರೈವರು ಕಂಡಕ್ಟರುಗಳು ಇಟ್ಟ ಹೆಸರು ಮೈಕಮ್ಮ. ಎಲ್ಲಾದರೂ ಸಹಿ ಹಾಕುವಾಗ ಮಾತ್ರ ಆಕೆಗೆ ತನ್ನ ನಿಜವಾದ ಹೆಸರು ನೆನಪಾಗುತ್ತಿತ್ತು.

ಗಂಡ ಎಂಬ ಪ್ರಾಣಿ ಮಗಳು ತೊದಲು ಮಾತಾಡುವ ಕಾಲಕ್ಕೇ ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿಕೊಂಡು ಕೈತೊಳೆದುಕೊಂಡಿದ್ದ. ಉಳಿದವರು ಇಬ್ಬರೇ. ಕೂತಲ್ಲಿ ಕೂರದ ಆ ಮಗುವಿಗೆ ತಾಯಿ ಮಿಡತೆ ಎಂದು ಅಡ್ಡಹೆಸರಿಟ್ಟಳು. ದೊಡ್ಡವರಾದ ಮೇಲೆ ಮಕ್ಕಳು ಇಂಥ ಹೆಸರನ್ನು ಸ್ನೇಹಿತರಿಂದ ಮುಚ್ಚಿಡುತ್ತಾರೆ; ಇವಳು ಮೆರೆಸಿದಳು. ಬ್ಯಾಟರಿಗಳ ಬಗ್ಗೆ ಸಂಶೋಧನೆಗೆ ಸೇರಿ, ಕೇಂದ್ರದ ದೊಡ್ಡ ಕಂಪ್ಯೂಟರಿನಲ್ಲಿ ಖಾತೆ ತೆರೆಯುವಾಗ ಯಾವ ಹೆಸರು ಹಾಕಲಿ ಎಂದು ಕೇಳಿದರೆ "ಮಿಡತೆ" ಎಂದೇ ಬರೆಸಿದಳು. ಆಮೇಲೆ ಅಲ್ಲಿಯೂ ಎಲ್ಲರ ಬಾಯಲ್ಲೂ ಅದೇ ನಿಂತಿತು.

ಅಂಥವಳು ಬರೀ ಜ್ವರ ಎಂದು ಮಲಗಿದಳು. ಜ್ವರ ತಲೆಗೇರಿತು. ವಾರ ತುಂಬುವುದರೊಳಗೆ ಎಲ್ಲ ಮುಗಿದುಹೋಯಿತು. ಜ್ವರಕ್ಕೆ ಯಾರಾದರೂ ಸಾಯುತ್ತಾರೆಯೇ ಎಂದು ಮೈಕಮ್ಮ ಸಿಕ್ಕಿದವರನ್ನೆಲ್ಲ ಕೇಳಿದಳು. ಸಾಯುತ್ತಾರೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ತಲೆ ತಗ್ಗಿಸಿದರು.

ಕೊನೆಗೊಂದು ಸಂಜೆ, ಪಾಳಿ ಮುಗಿಸಿ, ಬಟ್ಟೆಯ ಚೀಲವೊಂದನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಆಕೆ ಕೇಂದ್ರಕ್ಕೆ ಹೋದಳು. ಮಗಳ ಮೇಜು ಮೂರನೆಯ ಮಹಡಿಯ ಮೂಲೆಯಲ್ಲಿತ್ತು. ಒಂದು ಲೋಟ, ಒಂದು ಜೊತೆ ಚಪ್ಪಲಿ, ಏಸಿ ಚಳಿಗೆಂದು ಕುರ್ಚಿಗೆ ಹಾಕಿದ್ದ ಸ್ವೆಟರು, ಬಣ್ಣದ ಗೋಲಿಗಳಿಗೆ ಕಡ್ಡಿ ಚುಚ್ಚಿ ಮಾಡಿದ ಯಾವುದೋ ಅಣುವಿನ ಆಕೃತಿ. ಸ್ವೆಟರಿನ ತೋಳು ಮೊಣಕೈ ಹತ್ತಿರ ಸವೆದಿತ್ತು. ಮೇಜಿಗೆ ಮೊಣಕೈ ಊರಬೇಡ ಎಂದು ಎಷ್ಟು ಸಲ ಬಯ್ದಿದ್ದಳೋ. ಈಗ ಆ ಸವೆದ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತ ನಿಂತುಬಿಟ್ಟಳು.

"ಅಮ್ಮ, ನಾನು ತಾತ," ಎಂದಿತು ಹಿಂದಿನಿಂದ ಒಂದು ದನಿ.

ಮೈಕಮ್ಮ ತಿರುಗಿ ನೋಡಿದಳು. ಮಗಳ ಬಾಯಲ್ಲಿ ದಿನಬೆಳಗಾದರೆ ತಾತ ಹಾಗಂದ, ತಾತ ಹೀಗಂದ ಎಂಬ ಮಾತು ಕೇಳಿ, ನಿವೃತ್ತಿ ಅಂಚಿನ ಮುದುಕನೊಬ್ಬನನ್ನು ಆಕೆ ಮನಸ್ಸಿನಲ್ಲಿ ಕೂರಿಸಿಕೊಂಡಿದ್ದಳು. ಎದುರಿಗೆ ನಿಂತಿದ್ದವನು ಮೂವತ್ತು ದಾಟಿದ ಹುಡುಗ, ಕಿವಿಯ ಮೇಲೆ ಮಾತ್ರ ನಾಲ್ಕು ಬಿಳಿಕೂದಲು.

"ನೀನೇನಪ್ಪಾ ತಾತ?"

"ಪಿಎಚ್‌ಡಿ ಮಾಡ್ತಾ ಮಾಡ್ತಾ ಇಲ್ಲೇ ತಲೆ ನರೀತು ಅಂತ ಮಿಡತೆನೇ ಇಟ್ಟಿದ್ದು."

ನಗು ಬರುವಂತಾಯಿತು, ಬರಲಿಲ್ಲ. ಮಾತು ಬದಲಿಸಲೆಂದು ಆಕೆ ಮಡಿಸಿದ ಚೀಲದೊಳಗಿಂದ ಮಗಳ ಫೋನು ತೆಗೆದಳು. ಮಗಳು ಹೋದಾಗಿನಿಂದ ಅದನ್ನು ಚಾರ್ಜಿಗೆ ಹಾಕಿಯೇ ಇಟ್ಟಿದ್ದಳು, ಆರಿಹೋಗಲು ಬಿಟ್ಟಿರಲಿಲ್ಲ. ಬೆನ್ನು ಉಬ್ಬಿ ಹಿಂಬದಿಯ ಮುಚ್ಚಳ ಬಾಯಿ ತೆರೆದಿತ್ತು.

"ನೀವು ಬ್ಯಾಟರಿಯವರಲ್ವಾ, ಇದನ್ನ ಸರಿ ಮಾಡಿಕೊಡಿ."

ತಾತ ಹೌಹಾರಿ ಫೋನನ್ನು ಮೆಲ್ಲಗೆ ಇಸಿದುಕೊಂಡ. "ಅಮ್ಮ, ಇದು ಅಪಾಯ, ಬೆಂಕಿ ಹತ್ತಿಕೊಳ್ಳುತ್ತೆ. ಇನ್ಮೇಲೆ ಚಾರ್ಜಿಗೆ ಹಾಕ್ಬೇಡಿ."

"ಸರಿ ಮಾಡೋಕಾಗಲ್ವಾ?"

"ನಮಗೆ ಬ್ಯಾಟರಿ ಮುಟ್ಟಿ ಅಭ್ಯಾಸ ಇಲ್ಲಮ್ಮ. ನಾವು ಕಂಪ್ಯೂಟರಲ್ಲೇ ಎಲ್ಲ ಮಾಡೋದು."

"ಇಷ್ಟು ವರ್ಷ ಅವಳು ಬ್ಯಾಟರಿ ಬ್ಯಾಟರಿ ಅಂತ ಕುಣಿದಿದ್ದು ಮುಟ್ಟದೇನಾ?" ಎಂದಳು ಮೈಕಮ್ಮ. ನಿಜವಾಗಿಯೂ ಆಕೆಗೆ ಅದು ಅನ್ಯಾಯ ಎನಿಸಿತು. ತಾತ ಹಲ್ಲುಗಿಂಜಿ, ಅಂಗಡಿಯಲ್ಲಿ ಬ್ಯಾಟರಿ ಬದಲಿಸಿ ತಂದುಕೊಡುವುದಾಗಿ ಫೋನನ್ನು ಇಟ್ಟುಕೊಂಡ. ಮಾತಿಗೆ ತಪ್ಪದೆ ಮುಂದಿನ ವಾರ ಬದಲಿಸಿಯೂ ಕೊಟ್ಟ.

ಚೀಲ ತುಂಬಿಸಿ ಹೊರಟಾಗಲೇ ಆಕೆಯ ಕಣ್ಣಿಗೆ ಆ ಪರದೆ ಬಿದ್ದದ್ದು. ಕಾರಿಡಾರಿನ ತುದಿಯಲ್ಲಿ ಗಾಜಿನಾಚೆ ದೊಡ್ಡ ಕಂಪ್ಯೂಟರಿನ ಕೋಣೆ, ಒಳಗೆ ಕಪ್ಪು ಬೀರುಗಳ ಸಾಲು, ಜೇನುಗೂಡಿನ ಹಾಗೆ ಗುಂಯ್ ಎಂಬ ಸದ್ದು. ಹೊರಗಿನ ಗೋಡೆಗೆ ಟಿವಿಯಂಥ ಪರದೆ, ಅದರ ತುಂಬ ಸಾಲುಸಾಲು ಹೆಸರು. ಬಸ್ ನಿಲ್ದಾಣದ ಫಲಕ ನೋಡಿ ಪಳಗಿದ ಕಣ್ಣು. ಸಾಲುಗಳ ಮೇಲೆ ಒಮ್ಮೆ ಹಾದುಹೋಯಿತು. ಮೇಲಿನಿಂದ ನಾಲ್ಕನೆಯ ಸಾಲಿನಲ್ಲಿ ಸಿಕ್ಕಿಕೊಂಡಿತು. ಮಿಡತೆ.

ಕೈಯ ಚೀಲ ಜಾರಿತು. ಲೋಟ ನೆಲಕ್ಕೆ ಬಡಿದ ಸದ್ದಿಗೆ ತಾತ ಓಡಿಬಂದ.

"ಇದೇನಪ್ಪಾ ಇದು? ಇವಳ ಹೆಸರು ಇಲ್ಯಾಕಿದೆ?"

ತಾತ ಬಿದ್ದ ಲೋಟವನ್ನು ಎತ್ತಿ ಚೀಲಕ್ಕೆ ಹಾಕಿದ. "ಅದು ಸರದಿ ಪಟ್ಟಿ ಅಮ್ಮ. ಮೆಷಿನ್ನಲ್ಲಿ ಯಾರ ಲೆಕ್ಕ ಓಡ್ತಾ ಇದೆ, ಯಾರದ್ದು ಕಾಯ್ತಾ ಇದೆ ಅಂತ ತೋರಿಸುತ್ತೆ."

"ಇವಳದ್ದು?"

"ಓಡ್ತಾ ಇದೆ."

ಮೈಕಮ್ಮನಿಗೆ ಅಲ್ಲಿದ್ದ ಬೆಂಚು ಆಸರೆಯಾಯಿತು. ತಾತ ಪಕ್ಕದಲ್ಲಿ ಕೂತು, ತಾನೇ ತಪ್ಪು ಮಾಡಿದವನ ಹಾಗೆ ಸಣ್ಣ ದನಿಯಲ್ಲಿ ವಿವರಿಸಿದ. ಒಬ್ಬರ ಲೆಕ್ಕಕ್ಕೆ ಇಷ್ಟು ಹೊತ್ತು ಎಂದು ಮೆಷಿನ್ನು ಕೊಡುತ್ತದೆ. ಹೊತ್ತು ಮುಗಿದರೆ ಕತ್ತು ಹಿಡಿದು ಆಚೆ ತಳ್ಳುತ್ತದೆ, ಮತ್ತೆ ಸರದಿಯಲ್ಲಿ ನಿಲ್ಲಬೇಕು. ತಿಂಗಳುಗಟ್ಟಲೆ ಓಡಬೇಕಾದ ಲೆಕ್ಕವಾದರೆ ಹೀಗೆ ನಿಂತು ನಿಂತು, ತುಂಡುತುಂಡಾಗಿಯೇ ಮುಗಿಸಬೇಕು.

"ನಾವೆಲ್ಲ ಬೆಳಗಾಗೆದ್ದು ಕೈಯಾರೆ ನಿಲ್ಲಿಸ್ತೀವಿ. ಮಿಡತೆಗೆ ಅಷ್ಟು ತಾಳ್ಮೆ ಎಲ್ಲಿ? ಒಂದು ಮುಗಿದ ಕೂಡ್ಲೇ ಬಿಟ್ಟ ಜಾಗದಿಂದ ಇನ್ನೊಂದು ತಾನೇ ಶುರುವಾಗೋ ಹಾಗೆ ಬರೆದಿಟ್ಟಿದ್ದಾಳೆ. ಅದು ಅದರ ಪಾಡಿಗೆ ಓಡ್ತಿದೆ."

"ಅವಳಿಗೇನಾಯ್ತು ಅಂತ ಅದಕ್ಕೆ ಗೊತ್ತಿಲ್ವಾ?"

"ಇಲ್ಲಮ್ಮ. ಯಾರೂ ಹೇಳಿಲ್ಲ."

ಖಾತೆ ಮುಚ್ಚಲು ಖಾತೆದಾರರೇ ಅರ್ಜಿಗೆ ಸಹಿ ಹಾಕಬೇಕು ಎಂದು ಕಂಪ್ಯೂಟರ್ ವಿಭಾಗದ ನಿಯಮ. ಖಾತೆದಾರರು ಸಾಯಬಹುದು ಎಂದು ನಿಯಮ ಬರೆದ ಪುಣ್ಯಾತ್ಮನಿಗೆ ಹೊಳೆದಿರಲಿಲ್ಲ. ಆ ದಡ್ಡ ನಿಯಮದ ಕೃಪೆಯಿಂದ, ಮನೆಯಲ್ಲಿಲ್ಲದ, ಆಸ್ಪತ್ರೆಯಲ್ಲಿಲ್ಲದ, ಎಲ್ಲೂ ಇಲ್ಲದ ಮಗಳು ಆ ಪಟ್ಟಿಯಲ್ಲಿ ಮಾತ್ರ ಕೆಲಸದಲ್ಲಿದ್ದಳು.

ಅಂದಿನಿಂದ ಪಾಳಿ ಮುಗಿದರೆ ಮೈಕಮ್ಮನ ಕಾಲು ಮನೆ ಕಡೆ ತಿರುಗುತ್ತಿರಲಿಲ್ಲ. ನೇರ ಕೇಂದ್ರಕ್ಕೆ ಬಂದು, ಬಾಗಿಲು ಕಾಯುವವನಿಗೆ ತಲೆಯಾಡಿಸಿ, ಆ ಬೆಂಚಿನ ಮೇಲೆ ಕೂತು ಪರದೆ ನೋಡುವುದು. ಮಿಡತೆ ಒಮ್ಮೆ ನಾಲ್ಕನೆಯ ಸಾಲಿನಲ್ಲಿರುತ್ತಿದ್ದಳು, ಒಮ್ಮೆ ಒಂಬತ್ತನೆಯದರಲ್ಲಿ. ಕೆಲವು ದಿನ 'ಓಡುತ್ತಿದೆ' ಎಂಬುದರ ಬದಲು 'ಕಾಯುತ್ತಿದೆ' ಎಂದಿರುತ್ತಿತ್ತು, ಆಗ ಮೈಕಮ್ಮನಿಗೆ ಚಡಪಡಿಕೆ. ಯಾರು ಅಡ್ಡ ಬಂದದ್ದು, ಮುಂದೆ ಎಷ್ಟು ಜನ ಇದ್ದಾರೆ ಎಂದು ತಾತನ ಪ್ರಾಣ ಹಿಂಡುತ್ತಿದ್ದಳು. ಮಗಳು ಟ್ಯೂಷನ್ನಿನಿಂದ ಬರುವುದು ತಡವಾದಾಗ ಬಾಗಿಲಲ್ಲಿ ನಿಂತು ಪಡುತ್ತಿದ್ದ ಸಂಕಟವೇ ಅದು. ಮತ್ತೆ 'ಓಡುತ್ತಿದೆ' ಎಂದು ಬಂದರೆ ಸಮಾಧಾನದ ಉಸಿರುಬಿಟ್ಟು ಮನೆಗೆ ಹೊರಡುವಳು.

ಮನೆಯಲ್ಲಿ ಜೊತೆಗಿರಲೆಂದು ಬಂದಿದ್ದ ಅಕ್ಕನಿಗೆ ಇದು ಸರಿಕಾಣಲಿಲ್ಲ.

"ಗೋಡೆ ನೋಡ್ಕೊಂಡು ಕೂತ್ರೆ ಹೋದೋಳು ಬರ್ತಾಳೇನೇ?"

"ಬರ್ತಾಳೆ ಅಂತ ಯಾರಂದ್ರು. ಕೆಲಸ ಮಾಡ್ತಿದಾಳೆ, ನೋಡಿ ಬರ್ತೀನಿ ಅಷ್ಟೆ."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ತಂಗಿಯ ತಲೆ ಕೆಟ್ಟಿತು ಎಂದೇ ಅವಳ ಲೆಕ್ಕ. ಕೆಟ್ಟಿರಲಿಲ್ಲ. ಮಗಳು ಸತ್ತಿದ್ದಾಳೆ ಎಂಬುದು ಮೈಕಮ್ಮನಿಗೆ ಚೆನ್ನಾಗಿ ಗೊತ್ತಿತ್ತು, ಉಳಿದವರೆಲ್ಲರಿಗಿಂತ ಚೆನ್ನಾಗಿ. ಆದರೆ ಗೊತ್ತಿರುವುದನ್ನು ಇಡೀ ದಿನ ಹೊತ್ತುಕೊಂಡಿರಲು ಯಾರಿಗಾಗುತ್ತದೆ? ಹೊರೆ ಇಳಿಸಲು ಆಕೆಗೊಂದು ಬೆಂಚು ಸಿಕ್ಕಿತ್ತು.

ಮಗಳು ಅಷ್ಟು ಹಟದಿಂದ ಏನನ್ನು ಲೆಕ್ಕ ಹಾಕುತ್ತಿದ್ದಾಳೆ ಎಂದು ಒಮ್ಮೆ ಕೇಳಿದಳು. ತಾತನಿಗೆ ಯಾರೂ ಹೀಗೆ ಆಸಕ್ತಿಯಿಂದ ಕೇಳಿದ್ದೇ ಇಲ್ಲವೇನೋ. ವಿವರಿಸಲು, ಮನೆಗೆ ಒಯ್ದಿದ್ದ ಗೋಲಿಯ ಆಕೃತಿ ಮತ್ತೆ ಬೇಕಾಯಿತು. ಮರುದಿನ ಮೈಕಮ್ಮ ಚೀಲದಲ್ಲಿ ಹಾಕಿಕೊಂಡು ಬಂದಳು. ಆಮೇಲೆ ಅದು ಆ ಚೀಲದಲ್ಲೇ ಉಳಿಯಿತು.

"ಬ್ಯಾಟರಿ ಒಳಗೆ ಲಿಥಿಯಂ ಅಂತ ಒಂದು ಲೋಹ ಇರುತ್ತಮ್ಮ. ಅದರ ಮೈ ಬಹಳ ಸೂಕ್ಷ್ಮ. ಸುತ್ತ ಇರೋ ದ್ರವ ತಾಗಿ ತಾಗಿ ಕೆಡುತ್ತೆ, ಮುಳ್ಳು ಮುಳ್ಳಾಗಿ ಬೆಳೆಯುತ್ತೆ. ಕೊನೆಗೆ ಬ್ಯಾಟರಿಗೆ ಬೆಂಕಿ ಹತ್ತಬಹುದು. ಈ ಅಣು ಇದೆಯಲ್ಲ, ಇದು ಆ ಮೈಗೆ ಅಂಟಿಕೊಂಡು ಒಂದು ಹೊದಿಕೆ ತರ ಕಾಪಾಡುತ್ತೆ ಅಂತ ಮಿಡತೆ ಅಂದಾಜು. ಬಿಸಿಯಾದಾಗ ಹಿಡಿದುಕೊಂಡೇ ಇರುತ್ತೋ, ಕೈ ಬಿಡುತ್ತೋ ಅಂತ ನೋಡ್ತಿದಾಳೆ."

"ಏನ್ ಮಾಡ್ತಿದೆ ಈಗ?"

"ಹಿಡ್ಕೊಂಡಿದೆ ಅಮ್ಮ. ಇಷ್ಟು ಬಿಸಿಗೆ ಬೇರೆ ಯಾವ ಅಣು ಆಗಿದ್ರೂ ಯಾವಾಗಲೋ ಎದ್ದು ಹೋಗಿರೋದು. ಇದು ಬಿಡ್ತಾನೇ ಇಲ್ಲ."

ಮಿಡತೆ, ತಾತ ಇಬ್ಬರಿಗೂ ಪಿಎಚ್‌ಡಿ ಗೈಡು, ಎಲ್ಲರೂ ಮೇಡಂ ಎನ್ನುವ ಹೆಂಗಸು, ಒಂದು ಸಂಜೆ ತಾವೇ ಬೆಂಚಿನ ತನಕ ಬಂದು ಮೈಕಮ್ಮನ ಕೈ ಹಿಡಿದುಕೊಂಡರು. ಲೆಕ್ಕ ಹೀಗೇ ಮುಗಿದರೆ ದೊಡ್ಡ ವಿಜ್ಞಾನ ಪತ್ರಿಕೆಗೆ ಕಳಿಸುವುದಾಗಿಯೂ, ಮಿಡತೆಯ ಹೆಸರೇ ಮೊದಲಿಗಿರುವುದಾಗಿಯೂ ಹೇಳಿದರು. ಆ ಸುದ್ದಿ ಮರುದಿನ ಬಸ್ ನಿಲ್ದಾಣದ ಕ್ಯಾಂಟೀನಿನಿಂದ ಡಿಪೋ ಗ್ಯಾರೇಜಿನವರೆಗೆ ಹಬ್ಬಿತು. ಮೈಕ್ ಒಂದರಲ್ಲಿ ಸಾರಲಿಲ್ಲ ಅಷ್ಟೆ. ಅಕ್ಕನಿಗೂ ಹೇಳಿದಳು. ಮಗಳು ತೀರಿದ ಮೇಲೆ ಆಕೆ ಹೊಟ್ಟೆ ತುಂಬ ಉಂಡದ್ದು ಅವತ್ತೇ.

ಲೆಕ್ಕ ಮುಗಿಯಲು ಇನ್ನೇನು ಸ್ವಲ್ಪವೇ ಉಳಿದಿದೆ ಎನ್ನುವಾಗ ತಾತ ಕಣ್ಣಿಗೆ ಬೀಳುವುದು ಕಡಿಮೆಯಾಯಿತು. ಆಕೆ ಬರುವ ಹೊತ್ತಿಗೆ ಸರಿಯಾಗಿ ಅವನಿಗೆ ಎಲ್ಲಿಗಾದರೂ ಹೋಗುವುದಿರುತ್ತಿತ್ತು. ಎದುರು ಸಿಕ್ಕರೆ, "ಹೇಗಿದೆಯಪ್ಪಾ ಲೆಕ್ಕ?" ಎಂದರೆ, "ನಡೀತಿದೆ ಅಮ್ಮ" ಎಂದು ಕಾಲು ಕೀಳುತ್ತಿದ್ದ. ಮೈಕಮ್ಮ ವರ್ಷಗಟ್ಟಲೆ ದಾರಿಯ ನಡುವಿನಿಂದ ಫೋನು ಮಾಡುವ ಡ್ರೈವರುಗಳ ದನಿ ಕೇಳಿದವಳು. ಬರೀ ಟೈರು ಪಂಚರೋ, ಯಾರಿಗಾದರೂ ಪೆಟ್ಟಾಗಿದೆಯೋ ಎನ್ನುವುದು 'ಹಲೋ' ಎನ್ನುವುದರಲ್ಲೇ ಆಕೆಗೆ ತಿಳಿಯುತ್ತಿತ್ತು. ಒಂದು ಸಂಜೆ ಮೆಟ್ಟಿಲಲ್ಲೇ ಅಡ್ಡಗಟ್ಟಿ ನಿಂತಳು.

"ಏನೋ ಆಗಿದೆ. ಹೇಳಪ್ಪಾ."

"ಏನಿಲ್ಲಮ್ಮ."

"ತಾತ, ನೋಡಿಲ್ಲಿ. ನಂಗೆ ಆಗೋದೆಲ್ಲ ಆಗಿಹೋಗಿದೆ. ಇನ್ನು ಹೇಳೋಕೇನಪ್ಪಾ ಹೆದರಿಕೆ?"

ತಾತ ಗೋಡೆಗೆ ಒರಗಿದ. ಲೆಕ್ಕ ಯಶಸ್ವಿಯಾಗಿ ಮುಗಿಯಿತು ಎಂದು ಹೇಳಿ ಪಟ್ಟಿಯಿಂದ ತೆಗೆದುಬಿಡು, ಪಾಪ ಆಕೆಗೆ ಇನ್ನಷ್ಟು ನೋವು ಯಾಕೆ ಎಂದು ಮೇಡಂ ಹೇಳಿಕೊಟ್ಟಿದ್ದರು. ಅವನ ಕೈಲಿ ಆಗಲಿಲ್ಲ.

"ಲೆಕ್ಕ ತಪ್ಪಾಗಿದೆ ಅಮ್ಮ."

ಬೆಂಚಿನವರೆಗೆ ಇಬ್ಬರೂ ನಡೆದರು. ಕೂತ ಮೇಲೆ ಅವನು ಕಾರಿಡಾರಿನ ನೆಲ ತೋರಿಸಿದ. ಹಳೆಯ ಟೈಲ್ಸಿನ ನೆಲ; ಪ್ರತಿಯೊಂದು ಬಿಲ್ಲೆಯಲ್ಲೂ ಅದೇ ಹೂವು, ಅದೇ ಬಳ್ಳಿ.

"ಇಡೀ ಲೋಹಾನ ಕಂಪ್ಯೂಟರ್ ಒಳಗೆ ಇಡೋಕಾಗಲ್ಲ. ಒಂದು ಸಣ್ಣ ಚೌಕ ತಗೋತೀವಿ, ಅದರ ಮೇಲೆ ಒಂದು ಅಣು. ಆಮೇಲೆ ಆ ಚೌಕವೇ ನಾಲ್ಕೂ ಕಡೆ ಮತ್ತೆ ಮತ್ತೆ ಬರುತ್ತೆ ಅಂತ ಮೆಷಿನ್ನಿಗೆ ಹೇಳ್ತೀವಿ, ಈ ನೆಲದ ಹಾಗೆ. ಚೌಕ ಸಾಕಷ್ಟು ದೊಡ್ಡದಿರಬೇಕು. ಇಲ್ಲದಿದ್ರೆ..." ಅವನು ಬಗ್ಗಿ ಬಳ್ಳಿಯೊಂದರ ಮೇಲೆ ಬೆರಳಾಡಿಸಿದ. ಒಂದು ಬಿಲ್ಲೆಯ ಬಳ್ಳಿ ಅಂಚಿಗೆ ಹೋಗಿ, ಪಕ್ಕದ ಬಿಲ್ಲೆಯ ಹೂವಿಗೆ ತಾಗಿತ್ತು. "ಇಲ್ಲದಿದ್ರೆ ಅಣುವಿನ ಬಾಲ ಆಚೆ ಚೌಕದಲ್ಲಿರೋ ತನ್ನದೇ ತಲೆಗೆ ತಾಗುತ್ತೆ."

"ತನ್ನದೇ ತಲೆಗೆ."

"ಹೂಂ. ಅಣು ಲೋಹವನ್ನ ಹಿಡ್ಕೊಂಡಿದೆ ಅಂದ್ಕೊಂಡಿದ್ವಿ. ಅದು ತನ್ನನ್ನೇ ತಾನು ಹಿಡ್ಕೊಂಡಿತ್ತು. ಒಂದಕ್ಕೊಂದು ಕೈ ಹಿಡ್ಕೊಂಡು ಸರಪಳಿ ತರ ನಿಂತಿತ್ತು. ಅದಕ್ಕೇ ಎಷ್ಟು ಬಿಸಿ ಮಾಡಿದ್ರೂ ಮೇಲೇಳಲಿಲ್ಲ. ಪತ್ರಿಕೆಗೆ ಅಂತ ಚಿತ್ರ ಬಿಡಿಸುವಾಗ, ಅಕ್ಕಪಕ್ಕದ ಚೌಕ ಸೇರಿಸಿ ನೋಡ್ದಾಗ ಕಾಣಿಸ್ತು."

ಆ ಚೌಕ ಮಿಡತೆ ಕಟ್ಟಿದ್ದಲ್ಲ. ಆ ಪ್ರಯೋಗಾಲಯದಲ್ಲಿ ಹೊಸಬರು ಸೇರಿದರೆ ಹಳಬರು ತಮ್ಮ ಕಡತವನ್ನು ದಾಟಿಸುವುದು ವಾಡಿಕೆ. ಮನೆಯಲ್ಲಿ ದೊಡ್ಡ ಮಗುವಿನ ಅಂಗಿ ಚಿಕ್ಕದಕ್ಕೆ ಬರುತ್ತದಲ್ಲ, ಹಾಗೆ. ಯಾರೋ ಕಟ್ಟಿದ ಚೌಕ, ತಾತನಿಗೆ ಬಂದು, ತಾತನಿಂದ ಮಿಡತೆಗೆ ಬಂದಿತ್ತು. ತಾತನ ಅಣು ಪುಟ್ಟದು, ಅವನಿಗೆ ಅದು ಧಾರಾಳವಾಯಿತು. ಮಿಡತೆಯ ಅಣುವಿಗೆ ಬಾಲ ಉದ್ದ. ಹಾಕುವ ಮುಂಚೆ ಅಳೆದು ನೋಡಬೇಕಿತ್ತು. ನೋಡಿರಲಿಲ್ಲ.

"ತಪ್ಪು ಅವಳದ್ದೇನಾ?" ಎಂದಳು ಮೈಕಮ್ಮ.

ತಾತ ಬಳ್ಳಿಯ ಮೇಲಿಂದ ಬೆರಳು ತೆಗೆದ. "ಅವಳದ್ದೂ ಇದೆ ಅಮ್ಮ. ನನ್ನದೂ ಇದೆ. ಬದುಕಿದ್ದಿದ್ರೆ ಅವಳೇ ಹಿಡೀತಿದ್ಲು. ಹಿಡಿದು ನನ್ನ ಜೀವ ತೆಗೀತಿದ್ಲು."

ಬದುಕಿದ್ದಿದ್ದರೆ. ಮಾತು ಬಾಯಿಂದ ಜಾರಿದ ಮೇಲೆ ಅವನಿಗೆ ಅರಿವಾಯಿತು. ಮೈಕಮ್ಮನ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ಪತ್ರಿಕೆ ಹೋಯಿತು ಎಂದು ಅತ್ತದ್ದಲ್ಲ ಆಕೆ. ಸತ್ತವಳು ತನ್ನ ತಪ್ಪನ್ನು ತಾನು ತಿದ್ದಿಕೊಳ್ಳಲಾರಳು ಎಂಬುದು ಅಲ್ಲಿಯವರೆಗೆ ಆಕೆಗೆ ಹೊಳೆದಿರಲಿಲ್ಲ. ಅದು ಎಲ್ಲಕ್ಕಿಂತ ದೊಡ್ಡ ಅನ್ಯಾಯ ಎನಿಸಿತು.

"ಈಗೇನು ಮಾಡ್ತೀರಿ?"

"ಪತ್ರಿಕೆಗೆ ಕಳಿಸಲ್ಲ. ದೊಡ್ಡ ಚೌಕ ಕಟ್ಟಿ ನಾನು ಹೊಸದಾಗಿ ಶುರು ಮಾಡ್ತೀನಿ. ಆದ್ರೆ ಇದನ್ನ..." ಅವನು ಪರದೆಯತ್ತ ನೋಡಿದ. ಮಿಡತೆ ಆರನೆಯ ಸಾಲಿನಲ್ಲಿ ಓಡುತ್ತಿದ್ದಳು. "ನಿಮಗೆ ಬೇಕು ಅಂದ್ರೆ ಇದು ಓಡ್ತಾನೇ ಇರಲಿ ಅಮ್ಮ. ನಮಗೆ ಬೇಕಾದಷ್ಟು ಮುಗಿದ ಮೇಲೂ ಅದು ತಾನಾಗೇ ಮುಂದುವರಿಯುತ್ತೆ, ನಾನು ಹಾಗೇ ಬಿಟ್ಟುಬಿಡ್ತೀನಿ. ಯಾರೂ ಕೇಳಲ್ಲ."

ಎಂಥ ಮಾತು ಆಡಿದ ಹುಡುಗ. ಹಸಿದವರ ಮುಂದೆ ತಟ್ಟೆ ಇಟ್ಟ ಹಾಗೆ. ಇರಲಿ ಎಂದು ಒಂದು ಮಾತು ಹೇಳಿದರೆ ಸಾಕಿತ್ತು, ಹೆಸರು ಅಲ್ಲೇ ಇರುತ್ತಿತ್ತು. ಲೆಕ್ಕ ಸರಿಯೋ ತಪ್ಪೋ, ಪರದೆಗೇನು ಗೊತ್ತು? ಮೈಕಮ್ಮ ಚೀಲ ಎತ್ತಿಕೊಂಡು ಎದ್ದುಹೋದಳು. ಕೆಲವು ದಿನ ಆ ಕಡೆ ತಲೆ ಹಾಕಲೇ ಇಲ್ಲ. ಅಕ್ಕ, ಸದ್ಯ ಹುಚ್ಚು ಬಿಟ್ಟಿತು ಎಂದುಕೊಂಡಳು.

ಆ ದಿನಗಳಲ್ಲೇ ನಿಲ್ದಾಣದಲ್ಲಿ ಒಂದು ಸಣ್ಣ ವಿಷಯ ನಡೆಯಿತು. ಮಧ್ಯಾಹ್ನದ ಬಸ್ಸೊಂದು ರದ್ದಾಗಿತ್ತು. ಮೈಕಮ್ಮ ಬೆಳಿಗ್ಗೆಯೇ ಸಾರಿದ್ದಳು, ಆದರೆ ಫಲಕ ನೋಡಿಕೊಳ್ಳುವವನು ಸಾಲು ಅಳಿಸುವುದನ್ನು ಮರೆತಿದ್ದ. ಗಾಜಿನಾಚೆ ಒಬ್ಬ ಹೆಂಗಸು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಗಳಿಗೆಗೊಮ್ಮೆ ಫಲಕ ನೋಡುವಳು, ಹೆಸರು ಇನ್ನೂ ಇದೆ ಎಂದು ಖಾತ್ರಿಮಾಡಿಕೊಳ್ಳುವಳು, ಮಗುವಿನ ಬೆನ್ನು ತಟ್ಟುವಳು. ಪಾಳಿ ಮುಗಿಯುವ ಹೊತ್ತಿಗೆ ಅವಳು ಅಲ್ಲೇ ಇರುವುದನ್ನು ನೋಡಿ ಮೈಕಮ್ಮನೇ ಗೂಡಿನಿಂದ ಇಳಿದುಹೋದಳು.

"ಯಾವ ಬಸ್ಸಿಗೆ ಕಾಯ್ತಿದೀಯಮ್ಮಾ?"

ಹೆಂಗಸು ಫಲಕ ತೋರಿಸಿದಳು.

"ಅದು ಬರಲ್ಲ ತಾಯಿ. ಬೆಳಿಗ್ಗೆನೇ ರದ್ದಾಯ್ತು."

"ಹೆಸರು ಇದೆಯಲ್ಲ ಅಕ್ಕಾ?" ಎಂದಳು ಹೆಂಗಸು. ಸಿಟ್ಟಿರಲಿಲ್ಲ ಆ ದನಿಯಲ್ಲಿ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದಳು. ಮೈಕಮ್ಮ ಅವಳಿಗೆ ಬೇರೆ ಬಸ್ಸು ತೋರಿಸಿ, ಮಗುವನ್ನು ಎತ್ತಿ ಒಳಗೆ ಕೊಟ್ಟು, ಬಸ್ಸು ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದಳು. ಆಮೇಲೆ ಫಲಕದವನ ಬಳಿ ಹೋಗಿ, ಅವನ ಹಿಂದಿನ ಮುಂದಿನ ತಲೆಮಾರನ್ನೆಲ್ಲ ಸೇರಿಸಿ ಬಯ್ದಳು. ಅಷ್ಟು ಬಯ್ಯುವ ತಪ್ಪೇನಾಗಿತ್ತು ಎಂದು ಅವನಿಗೆ ಕೊನೆಗೂ ತಿಳಿಯಲಿಲ್ಲ.

ಅಲ್ಲಿಂದ ಆಕೆ ನೇರ ಕೇಂದ್ರಕ್ಕೆ ನಡೆದಳು. ತಾತ ತನ್ನ ಮೇಜಿನಲ್ಲೇ ಇದ್ದ.

"ನಿಲ್ಲಿಸಿಬಿಡಪ್ಪಾ ಅದನ್ನ."

"ಅಮ್ಮ, ಅವಸರ ಏನಿಲ್ಲ, ಇನ್ನೊಂದು ನಾಲ್ಕು ದಿನ ಯೋಚನೆ..."

"ಯೋಚನೆ ಮಾಡೇ ಬಂದಿದೀನಿ. ಸಣ್ಣೋಳಿದ್ದಾಗ ಹೋಂವರ್ಕಲ್ಲಿ ಒಂದು ಲೆಕ್ಕ ತಪ್ಪಾದ್ರೆ ಇಡೀ ಹಾಳೆ ಹರಿದು ಮತ್ತೆ ಬರೀತಿದ್ಲು. ತಪ್ಪು ಅಂತ ಗೊತ್ತಾದ್ಮೇಲೆ ಒಂದು ಗಳಿಗೆ ಇಟ್ಕೊಳ್ತಿರಲಿಲ್ಲ. ಅವಳ ಪರವಾಗಿ ನಾನೇ ನಿಲ್ಲಿಸ್ತೀನಿ. ಎಲ್ಲಿ ಒತ್ಬೇಕು ತೋರಿಸು."

ತಾತ ಎದ್ದುಹೋಗಿ ಮೇಡಮ್ಮಿಗೆ ತಿಳಿಸಿ ಬಂದ. ಗುಂಪಿನ ಎಲ್ಲರ ಲೆಕ್ಕ ನಿಲ್ಲಿಸುವ ಅಧಿಕಾರ ಅವರ ಖಾತೆಗಿತ್ತು. ಅದನ್ನು ತೆರೆದುಕೊಟ್ಟು, ಮೇಡಂ ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. ತಾತ ಮಗಳ ಕುರ್ಚಿಯಲ್ಲೇ ಮೈಕಮ್ಮನನ್ನು ಕೂರಿಸಿದ. ಕಂಪ್ಯೂಟರಿನಲ್ಲಿ ಸರದಿ ಪಟ್ಟಿ ತೆರೆದ. ಮಿಡತೆ ಎರಡನೆಯ ಸಾಲಿನಲ್ಲಿದ್ದಳು. ಕೆಳಗೆ ರದ್ದು ಮಾಡುವ ಆಜ್ಞೆಯನ್ನು ತಾನೇ ಬರೆದು, ಒತ್ತುವ ಕೀಲಿಯನ್ನು ಬೆರಳಿನಿಂದ ತೋರಿಸಿ, ಹಿಂದೆ ಸರಿದ.

ಮೈಕಮ್ಮ ಒತ್ತುವ ಮುಂಚೆ ಒಮ್ಮೆ ಗಂಟಲು ಸರಿಮಾಡಿಕೊಂಡಳು. ಮೈಕ್ ಮುಂದೆ ಕೂತಾಗಿನ ಅಭ್ಯಾಸ ಅದು. ಆಮೇಲೆ ಒತ್ತಿದಳು.

ಪಟ್ಟಿ ಒಮ್ಮೆ ಮಿನುಗಿತು. ಎರಡನೆಯ ಸಾಲಿನಲ್ಲಿ ಬೇರೆ ಯಾರದೋ ಹೆಸರು ಬಂತು. ಮಿಡತೆ ಇರಲಿಲ್ಲ. ಮೈಕಮ್ಮನ ಕೈ ಕೀಲಿಯ ಮೇಲೆಯೇ ಇತ್ತು. ಎದ್ದುಹೋಗದೆ ಕೂತೇ ಇದ್ದಳು. ಸ್ಮಶಾನದಲ್ಲಿ ಬೆಂಕಿ ಇಡುವುದನ್ನು ನೋಡಬೇಡ ಎಂದು ಅಂದು ಎಲ್ಲರೂ ಹಿಡಿದು ಹೊರಗೆ ಕರೆತಂದಿದ್ದರು. ಇದನ್ನಾದರೂ ತಾನು ನೋಡಿದೆ, ತಾನೇ ಮಾಡಿದೆ ಎಂದುಕೊಂಡಳು.

ಪಟ್ಟಿ ಮತ್ತೆ ಮಿನುಗಿತು. ಕೊನೆಯ ಸಾಲಿನಲ್ಲಿ ಮಿಡತೆ. ಕಾಯುತ್ತಿದೆ. ಕಣ್ಣು ಪಿಳುಕಿಸುವುದರೊಳಗೆ ಹೆಸರು ಮೇಲೆ ಹತ್ತಿತು. ಓಡುತ್ತಿದೆ.

"ಅಯ್ಯೋ," ಎಂದ ತಾತ. "ಅಮ್ಮ, ತಪ್ಪಾಯ್ತು. ಅವಳ ಲೆಕ್ಕಗಳು ಸರಪಳಿ ಅಲ್ವಾ, ನಂಗೆ ಮರೆತೇಹೋಯ್ತು. ಯಾವ ಕಾರಣಕ್ಕೆ ನಿಂತ್ರೂ ಇನ್ನೊಂದು ಶುರುವಾಗೋ ಹಾಗೆ ಬರೆದಿದಾಳೆ. ನಿಲ್ಲಿಸಿದ್ದಕ್ಕೇ ಮತ್ತೆ ಎದ್ದಿದೆ."

ಮೈಕಮ್ಮ ಪರದೆ ನೋಡಿದಳು. ಆಮೇಲೆ ನಕ್ಕಳು. ಅಷ್ಟು ತಿಂಗಳಿನಲ್ಲಿ ಮೊದಲ ಸಲ, ಭುಜ ಕುಲುಕುವ ಹಾಗೆ, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕಳು.

"ಇವಳು ಯಾವತ್ತು ಬೇಡ ಅಂದಿದ್ದು ಕೇಳಿದಾಳೆ? ಮಲಗು ಅಂತ ದೀಪ ಆರಿಸಿದ್ರೆ ನಾನು ಆಚೆ ಹೋಗೋದ್ರೊಳಗೆ ಎದ್ದು ಹಾಕ್ಕೊಳ್ತಿದ್ಲು." ನಗು ಅಲ್ಲಿಗೆ ತುಂಡಾಯಿತು. "ಈಗೇನ್ ಮಾಡ್ಬೇಕು?"

"ಸರಪಳಿ ಬರೆದಿರೋ ಕಡತವನ್ನ ಮೊದಲು ತೆಗೀಬೇಕು. ಆಮೇಲೆ ಇನ್ನೊಂದ್ ಸಲ ಒತ್ಬೇಕು. ಆಗ ಮತ್ತೆ ಬರಲ್ಲ." ಅವನು ಬಗ್ಗಿ ಏನೋ ಬರೆದು, ಅಳಿಸಿ, ಆಜ್ಞೆಯನ್ನು ಸಿದ್ಧಮಾಡಿ ಇಟ್ಟ. "ಈಗ ಅಮ್ಮ."

ಮೈಕಮ್ಮ ಬೆರಳು ಚಾಚಿದಳು. ಕೀಲಿಯ ಮೇಲೆ ಇಟ್ಟಳು. ಬೆರಳು ಕೆಳಗಿಳಿಯಲಿಲ್ಲ. ಒಂದು ಸಲ ಕಳಿಸಿಕೊಡಲು ಎದೆ ಗಟ್ಟಿಮಾಡಿಕೊಂಡು ಬಂದಿದ್ದಳು. ಹೋದವಳು ಬಾಗಿಲಲ್ಲಿ ಒಮ್ಮೆ ಇಣುಕಿ ನೋಡಿದ ಮೇಲೆ ಮತ್ತೆ ಕಳಿಸುವ ಶಕ್ತಿ ಯಾವ ತಾಯಿಯಲ್ಲಿದೆ? ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

"ಈ ಸಲ ನೀನೇ ಮಾಡಪ್ಪಾ."

ತಾತ ಒತ್ತಿದ. ಮೈಕಮ್ಮ ಕಣ್ಣು ಮುಚ್ಚಲಿಲ್ಲ. ಹೆಸರು ಹೋಯಿತು. ಪಟ್ಟಿ ಮಿನುಗಿತು, ಇನ್ನೊಮ್ಮೆ ಮಿನುಗಿತು. ಮೂವರೂ ಕಾದರು. ಕೆಳಗೆ ಕಾಯುತ್ತಿದ್ದ ಹೆಸರುಗಳು ಒಂದೊಂದೇ ಸಾಲು ಮೇಲಕ್ಕೆ ಸರಿದವು. ಬಾಗಿಲಲ್ಲಿದ್ದ ಮೇಡಂ ಮುಖ ತಿರುಗಿಸಿಕೊಂಡು ಕಾರಿಡಾರಿಗೆ ಹೋದರು.

ತಾತ, ಬಿದ್ದ ಮಗುವನ್ನು ಸಮಾಧಾನ ಮಾಡುವವನ ಹಾಗೆ, ಮೆಲ್ಲಗೆ ಹೇಳಿದ:

"ಅಮ್ಮ, ಹೊಸ ಲೆಕ್ಕ ನಾಳೆ ಹಾಕ್ತೀನಿ, ದೊಡ್ಡ ಚೌಕದಲ್ಲಿ. ಖಾತೆ ನನ್ನದೇ. ಆದ್ರೆ ಲೆಕ್ಕಕ್ಕೆ ಒಂದು ಹೆಸರು ಇಡಬಹುದು, ಅದೂ ಪಟ್ಟಿಯಲ್ಲಿ ಕಾಣುತ್ತೆ. ಮಿಡತೆ ಅಂತಲೇ ಇಡ್ತೀನಿ. ನೀವು ದಿನಾ ಬಂದು ನೋಡ..."

"ಬೇಡ."

ಮೈಕಮ್ಮ ಎದ್ದು ನಿಂತಳು. ಕುರ್ಚಿಯನ್ನು ಮೇಜಿನೊಳಕ್ಕೆ ಸರಿಸಿದಳು. ಗೋಲಿಯ ಆಕೃತಿಯನ್ನು ಚೀಲದಿಂದ ತೆಗೆದು, ತಾತನ ಕೈಯಲ್ಲಿಟ್ಟು, ಅವನ ಬೆರಳುಗಳನ್ನು ಅದರ ಮೇಲೆ ಮಡಿಸಿದಳು.

"ನಿನ್ನ ಹೆಸರೇ ಹಾಕು. ಬರದೇ ಇರೋ ಬಸ್ಸಿನ ಹೆಸರು ಬೋರ್ಡಲ್ಲಿ ಇಡಬಾರದಪ್ಪಾ. ಕಾಯ್ತಾ ಕೂತಿರ್ತಾರೆ."